ಮಹಾಸಭೆಗೆ ಬಂದ ನಲವತ್ತು ಕಲ್ಲುಗಳು

“ನನ್ನ ಮಾತಿಗೆ ಅಡ್ಡ ಬರೋ ಗಂಡಸು ಈ ಮಹಾಸಭೆಯಲ್ಲಿ ಒಬ್ಬನೂ ಇಲ್ಲ!” ಎಂದು ಸೇನಾಪತಿ ಬಾಚಣ್ಣ ದಣ್ಣಾಯಕ ಮೀಸೆ ತಿರುವಿದ.

ಹೇಳಿದ್ದು ಸುಳ್ಳಲ್ಲ. ಕೋಡೂರಿನ ಅರಸ ವೀರಕೇತನಿಗೂ ಅವನ ತಮ್ಮನಿಗೂ ಮೂರು ವರ್ಷ ಯುದ್ಧ ನಡೆದಿತ್ತು. ಹೊಳೆಯ ಮೂಡಣ ದಂಡೆ ಅಣ್ಣನ ಕಡೆ, ಪಡುವಣ ದಂಡೆ ತಮ್ಮನ ಹಿಡಿತದಲ್ಲಿ. ಕೊನೆಗೆ ತಮ್ಮ ಸತ್ತ, ಅಣ್ಣ ಗೆದ್ದ, ನಾಡು ಒಂದಾಯಿತು ಎಂದು ಡಂಗುರ ಹೊಡೆದರು.

ಆದರೆ ಮಹಾಸಭೆ ಒಂದಾಗಲಿಲ್ಲ. ಅದರ ನೂರು ಪೀಠಗಳಲ್ಲಿ ಪಡುವಣದವರ ನಲವತ್ತು ಖಾಲಿಯೇ ಉಳಿದವು; ತಮ್ಮನ ದಂಡಿಗೆ ಅನ್ನ ನೀರು ಕೊಟ್ಟವರಿಗೆ ಪೀಠವಿಲ್ಲ ಎಂದು ದಣ್ಣಾಯಕ ತಡೆದಿದ್ದ. ಮಿಕ್ಕ ಅರವತ್ತರಲ್ಲಿ ನಲವತ್ತು ಜನ ದಣ್ಣಾಯಕನ ಪಕ್ಷ, ಇಪ್ಪತ್ತು ಜನ ಎದುರು ಪಕ್ಷ. ಹೀಗಾಗಿ ದಣ್ಣಾಯಕ ಕೆಮ್ಮಿದರೂ ಅದು ಕಾನೂನಾಗುತ್ತಿತ್ತು.

ಆ ದಿನ ಅವನು ಹೊಸ ಕಾನೂನೊಂದನ್ನು ತಂದಿದ್ದ. ಪಡುವಣದ ಕೆರೆ ಕೆಳಗಿನ ಗದ್ದೆಗಳನ್ನೆಲ್ಲ ಗೆದ್ದ ದಳವಾಯಿಗಳಿಗೆ ಹಂಚಬೇಕು. ಅಲ್ಲಿನವರು ತಮ್ಮ ಗದ್ದೆಯಲ್ಲೇ ಕೂಲಿ ಮಾಡಿಕೊಂಡಿರಬೇಕು.

ಅರಸನ ಪಕ್ಕದಲ್ಲಿ ಆಸ್ಥಾನದ ವಿದೂಷಕ ಹಂಪಯ್ಯ ಕೂತಿದ್ದ. ಕುಳ್ಳ ಮನುಷ್ಯ, ನಾಲಿಗೆ ಮಾತ್ರ ಉದ್ದ.

“ದಣ್ಣಾಯಕರೇ, ಒಂದು ಅನುಮಾನ. ಪಡುವಣ ನಮ್ಮದೇ ನಾಡು ಅಂತಲ್ಲವೇ ನಾವು ಯುದ್ಧ ಮಾಡಿದ್ದು?”

“ಹೌದು. ಏನೀಗ?”

“ನೆಲ ನಮ್ಮದು, ಜನ ಮಾತ್ರ ಪರದೇಶದವರೋ?”

ಎದುರು ಪಕ್ಷದವರು ನಕ್ಕರು. ದಣ್ಣಾಯಕನ ಮುಖ ಕೆಂಪಾಯಿತು.

“ಅವರಿಗೆ ಪೀಠ ಬೇಕೋ? ಕೊಡೋಣ! ವೈರಿಗೆ ಒಂದು ತಂಬಿಗೆ ನೀರೂ ಕೊಡದ ನಲವತ್ತು ಜನರನ್ನು ಪಡುವಣದಿಂದ ತಾ. ಒಂದು ತಿಂಗಳು ಗಡುವು. ತಂದರೆ ನಾನೇ ಕೂರಿಸುತ್ತೇನೆ. ತರಲಿಲ್ಲವೋ, ನೀನು ನಾಡು ಬಿಟ್ಟು ಹೊರಡಬೇಕು. ಅಲ್ಲಿವರೆಗೆ ಗದ್ದೆಯ ಕಾನೂನು ತಡೆದಿರಲಿ.”

ಅರಸ ಹಂಪಯ್ಯನ ಮುಖ ನೋಡಿದ. ಯುದ್ಧ ಗೆದ್ದುಕೊಟ್ಟ ದಣ್ಣಾಯಕನಿಗೆ ಬೇಡ ಎನ್ನುವ ಧೈರ್ಯ ಅವನಿಗಿರಲಿಲ್ಲ.

“ಒಪ್ಪಿದೆ,” ಎಂದ ಹಂಪಯ್ಯ.

ಹೊಳೆ ದಾಟಿ ಊರೂರು ಅಲೆದ. ಎಲ್ಲೆಲ್ಲೂ ಒಂದೇ ಉತ್ತರ. “ಕತ್ತಿ ಹಿಡಿದು ಬಾಗಿಲಿಗೆ ಬಂದು ನೀರು ಕೇಳಿದರೆ ಕೊಡದೆ ಇರೋಕಾಗುತ್ತಾ ಸ್ವಾಮಿ?” ಇಪ್ಪತ್ತು ದಿನ ಕಳೆಯಿತು, ಒಬ್ಬನೂ ಸಿಗಲಿಲ್ಲ. ಹಂಪಯ್ಯನಿಗೆ ತನ್ನ ಗಂಟುಮೂಟೆಯ ಚಿಂತೆ ಶುರುವಾಯಿತು.

ಹುಲ್ಲಿಗೆರೆ ಎಂಬ ಊರಲ್ಲಿ ಸಾತವ್ವ ಎಂಬ ಮುದುಕಿ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು.

“ನೀರು ಕೊಡದವನು ಬೇಕಾ ತಮ್ಮಾ? ನನ್ನ ಮಗ ಇದಾನಲ್ಲ.”

ಹಂಪಯ್ಯ ಹಿಗ್ಗಿಹೋದ. “ಎಲ್ಲಿದಾನಮ್ಮಾ? ಕರಿ ಅವನನ್ನ!”

ಸಾತವ್ವ ಮೊರದಿಂದ ಕೈ ತೆಗೆದು ಕೆರೆ ಏರಿಯ ಕಡೆ ತೋರಿಸಿದಳು. ಅಲ್ಲಿ ಹೊಸದಾಗಿ ನೆಟ್ಟ ವೀರಗಲ್ಲೊಂದು ನಿಂತಿತ್ತು.

“ಕೊಡಲ್ಲ ಅಂದ. ಅಲ್ಲೇ ಕಡಿದು ಹಾಕಿದರು. ಹಾಗೆ ಅಂದವರು ಊರಿಗೊಬ್ಬರೋ ಇಬ್ಬರೋ. ಎಲ್ಲರೂ ಈಗ ಕಲ್ಲೇ.”

ಹಂಪಯ್ಯ ಏರಿ ಹತ್ತಿ ಹೋಗಿ ಆ ಕಲ್ಲಿಗೆ ಕೈ ಮುಗಿದ. ತಿರುಗಿ ಬಂದು ಮೆಲ್ಲಗೆ ಕೇಳಿದ: “ಅಮ್ಮಾ, ನಿನ್ನ ಮಗನನ್ನು ನಾಲ್ಕು ದಿನ ನನ್ನ ಜೊತೆ ಕಳಿಸ್ತೀಯಾ?”

“ಎಲ್ಲಿಗೆ?”

“ಮಹಾಸಭೆಗೆ.”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವನು ರಾಜಧಾನಿ ನೋಡಿರಲಿಲ್ಲ. ಕರಕೊಂಡು ಹೋಗು. ಗಾಡಿಯಲ್ಲಿ ಹುಲ್ಲು ದಂಡಿಯಾಗಿ ಹಾಸು, ಕುಲುಕಬಾರದು.”

ಗಡುವಿನ ದಿನ ನಲವತ್ತು ವೀರಗಲ್ಲುಗಳು ಮಹಾಸಭೆಗೆ ಬಂದವು. ಹಂಪಯ್ಯ ಒಂದೊಂದನ್ನೂ ಒಂದೊಂದು ಪೀಠದ ಮೇಲೆ ಒರಗಿಸಿ ಕೂರಿಸಿ, ಒಬ್ಬೊಬ್ಬರ ಹೆಸರನ್ನೂ ಊರನ್ನೂ ಕೂಗಿ ಹೇಳಿದ. ಅರಸ ತಲೆ ತಗ್ಗಿಸಿದ.

ದಣ್ಣಾಯಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. “ಭೇಷ್! ಬಾಯಿ ಬಿಡದ ಸಭಾಸದರು! ಇಂಥವರು ಇನ್ನೂ ಇದ್ದರೆ ತಾ ಮಾರಾಯ. ಪಡುವಣಕ್ಕೆ ಪೀಠ ಕೊಡಲಿಲ್ಲ ಅಂತ ಇನ್ನು ಯಾರೂ ಅನ್ನೋ ಹಾಗಿಲ್ಲ. ಕರಣಿಕರೇ, ಸಭೆಯಲ್ಲಿ ನೂರು ಜನ ಹಾಜರು ಅಂತ ಬರೆದುಕೊಳ್ಳಿ.”

ಕರಣಿಕ ಬರೆದುಕೊಂಡ. ಅರಸನ ಮುದ್ರೆಯೂ ಬಿತ್ತು.

“ಈಗ ಗದ್ದೆಯ ಕಾನೂನು,” ಎಂದ ದಣ್ಣಾಯಕ.

ಕರಣಿಕ ರೂಢಿಯಂತೆ ಕೂಗಿದ: “ಒಪ್ಪುವವರು ಎದ್ದು ನಿಲ್ಲಿ! ಒಪ್ಪದವರು ಕೂತೇ ಇರಿ!”

ದಣ್ಣಾಯಕನ ನಲವತ್ತು ಜನ ದಡಬಡನೆ ಎದ್ದರು. ಎದುರು ಪಕ್ಷದ ಇಪ್ಪತ್ತು ಜನ ಕೂತೇ ಇದ್ದರು. ನಲವತ್ತು ಕಲ್ಲುಗಳೂ ಅಲ್ಲಾಡಲಿಲ್ಲ.

ಕರಣಿಕ ಎಣಿಸಿದ. ಮತ್ತೊಮ್ಮೆ ಎಣಿಸಿದ. “ಎದ್ದವರು ನಲವತ್ತು, ಕೂತವರು ಅರವತ್ತು. ಕಾನೂನು ಬಿತ್ತು.”

“ಮೂರ್ಖ! ಅವು ಕಲ್ಲು!”

“ನೂರು ಜನ ಹಾಜರು ಅಂತ ತಾವೇ ಬರೆಸಿದಿರಿ ಬುದ್ಧಿ.”

ದಣ್ಣಾಯಕ ಕಲ್ಲುಗಳನ್ನು ಪೀಠದಿಂದ ಎತ್ತಿಸುವ ಕಾನೂನು ತಂದ. ಅದೂ ಬಿತ್ತು. ತನ್ನ ಬಿರುದಿಗೆ ಎರಡು ಅಕ್ಷರ ಸೇರಿಸುವ ಸಣ್ಣ ಕಾನೂನು ತಂದ. ಅದೂ ಬಿತ್ತು. ಕಲ್ಲುಗಳ ಮುಂದೆ ಹೋಗಿ ಗದರಿದ, ಆಸೆ ತೋರಿಸಿದ. ಮೂರನೆಯ ದಿನ ಬೆವರು ಒರೆಸಿಕೊಳ್ಳುತ್ತಾ ಅರಸನ ಮುಂದೆ ಬಂದು ನಿಂತ.

“ಪ್ರಭು, ಪಡುವಣದಿಂದ ಬದುಕಿರೋರನ್ನೇ ಕರೆಸಿ. ಯಾರಿಗೆ ನೀರು ಕೊಟ್ಟಿದ್ದರೂ ಚಿಂತೆಯಿಲ್ಲ. ಅವರ ಜೊತೆ ಜಗಳವಾದರೂ ಆಡಬಹುದು, ಒಂದು ಮಾತು ಬಿಟ್ಟು ಒಂದು ಮಾತು ಒಪ್ಪಿಸಬಹುದು!”

“ಅದನ್ನೇ ದಣ್ಣಾಯಕರೇ, ತಿಳಿದವರು ಸಭೆ ಅನ್ನೋದು,” ಎಂದ ಹಂಪಯ್ಯ.

ಅರಸ ಯುದ್ಧ ಮುಗಿದ ಮೇಲೆ ಮೊದಲ ಬಾರಿ ಮನಸಾರೆ ನಕ್ಕ. ಪಡುವಣಕ್ಕೆ ಓಲೆ ಹೋಯಿತು. ಕಲ್ಲುಗಳು ಹುಲ್ಲು ಹಾಸಿದ ಗಾಡಿಗಳಲ್ಲಿ ತಮ್ಮ ತಮ್ಮ ಊರಿಗೆ ಮರಳಿದವು. ಹುಲ್ಲಿಗೆರೆಯವರೆಗೆ ಅರಸನೇ ನಡೆದು ಹೋಗಿ ಬಂದ.

ಆಮೇಲೆ ಹಂಪಯ್ಯನನ್ನು ಕರೆದು ಕೇಳಿದ: “ನಿನಗೂ ಒಂದು ಪೀಠ ಕೊಡುತ್ತೇನೆ. ಯಾವ ಪಕ್ಷದ ಕಡೆ ಹಾಕಿಸಲಿ?”

“ಬಾಗಿಲ ಪಕ್ಕ ಹಾಕಿಸಿ ಪ್ರಭು.”

“ಯಾಕೋ?”

“ಎರಡು ಪಕ್ಷದವರೂ ಒಂದೇ ಮಾತಿಗೆ ಒಟ್ಟಿಗೆ ಎದ್ದು ನಿಂತ ದಿನ, ಊರವರಿಗೆ ಹುಷಾರು ಅಂತ ಹೇಳೋಕೆ ಯಾರಾದರೂ ಮೊದಲು ಓಡಬೇಕಲ್ಲ!”