ಕೌದಿಯಲ್ಲಿ ಕಟ್ಟಿದ ಬೆಲ್ಲ

ಶಿವಯೋಗಿಗಳಾದ ಹಾಲಶಾಂತ ಅಜ್ಜನವರ ಮಠವು ಕಬ್ಬಿನ ಸೀಮೆಯ ಹಿರೇಮಾವಿನಹಾಳ ಗ್ರಾಮದಲ್ಲಿತ್ತು. ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಬೇವಿನ ಮರ, ಅದರ ಕೊಂಬೆಗೆ ತೂಗುಬಿಟ್ಟ ತುಲಾಭಾರದ ತಕ್ಕಡಿ. ಅಷ್ಟೇ ಅವರ ಸಂಸ್ಥಾನ. ಜಡ್ಡಿನಿಂದೆದ್ದ ಮಕ್ಕಳನ್ನು ತಾಯಂದಿರು ಸೋಮವಾರ ಕರೆತಂದು, ಕೂಸಿನ ತೂಕದ ಬೆಲ್ಲವನ್ನು ದಾಸೋಹಕ್ಕೆ ಒಪ್ಪಿಸಿ ಹರಕೆ ತೀರಿಸುತ್ತಿದ್ದರು. ತಕ್ಕಡಿಯ ಹಗ್ಗ ಸವೆದರೆ ಅಜ್ಜನವರು ತಾವೇ ಕುಳಿತು ಪುಂಡಿನಾರಿನ ಹುರಿ ಹೊಸೆಯುತ್ತಿದ್ದರು.

ಒಂದು ಶ್ರಾವಣದ ಸೋಮವಾರ ಅವರು ಹಾಗೆ ಹುರಿ ಹೊಸೆಯುತ್ತಿದ್ದಾಗ ದುಂಡಪ್ಪನೆಂಬವನು ಬೆಲ್ಲದ ಬುಟ್ಟಿ ಹೊತ್ತು ಬಂದನು. ಹಿಂದೆ ಹೆಂಡತಿ ನಿಂಬೆವ್ವ. ಇಬ್ಬರ ಜೊತೆಯಲ್ಲೂ ಕೂಸಿರಲಿಲ್ಲ.

ದುಂಡಪ್ಪನದು ಪೇಟೆಯಲ್ಲಿ ಬೆಲ್ಲ ತೂಗುವ ಕಾಯಕ. ತೊಲ, ಚಟಾಕು, ಸೇರು, ಮಣ, ಈ ನಾಲ್ಕು ಮಾತು ಬಿಟ್ಟರೆ ಅವನಿಗೆ ಐದನೆಯದು ಬಾರದೆಂದು ಪೇಟೆಯವರು ನಗೆಯಾಡುತ್ತಿದ್ದರು. ಬೆಲ್ಲದ ಉಂಡೆಯನ್ನು, ಪೇಟೆಯ ಮಾತಿನ ಪೆಂಟೆಯನ್ನು, ಕೈಯಲ್ಲೆತ್ತಿ ಇಷ್ಟು ಸೇರು ಎಂದನೆಂದರೆ ಮತ್ತೆ ತೂಗಿ ನೋಡುವವರಿಲ್ಲ. ದೇವರು, ಹರಕೆ, ಗುರುಗಳ ಕೃಪೆ, ಇವೆಲ್ಲ ತಕ್ಕಡಿಗೆ ಸಿಗದ ಸರಕೆಂದು ಅವನು ದೂರವೇ ಇಟ್ಟಿದ್ದನು. ಒಂದೂವರೆ ವರ್ಷದ ಮಗಳು ಕಾಶವ್ವ ಜ್ವರದಲ್ಲಿ ಬಿದ್ದಾಗ ತುಲಾಭಾರದ ಹರಕೆ ಹೊತ್ತವಳು ನಿಂಬೆವ್ವ. ಕೂಸು ಉಳಿಯಲಿಲ್ಲ. ಆದರೂ ಆ ತಾಯಿ, ದೇವರಿಗೆ ಕೊಟ್ಟ ಮಾತು ತೀರುವವರೆಗೆ ಅನ್ನ ಮುಟ್ಟೆನೆಂದು ಹಟ ಹಿಡಿದು ಹದಿನಾರು ದಿನ ಬರೀ ಅಂಬಲಿಯ ತಿಳಿಯ ಮೇಲಿದ್ದಳು. ಕೂಸಿನ ಹಿಂದೆ ಇವಳೂ ಹೋಗುವಳೆಂಬ ಭಯವೇ ದುಂಡಪ್ಪನನ್ನು ಮಠಕ್ಕೆ ಎಳೆದು ತಂದಿತ್ತು.

ಬುಟ್ಟಿ ಇಳಿಸಿದವನು ನಮಸ್ಕಾರವನ್ನೂ ಮಾಡಲಿಲ್ಲ.

"ಬೆಲ್ಲ ತಂದೀನ್ರಿ ಅಜ್ಜಾರ. ತಕ್ಕಡಿಯ ಈ ಪರಡಿಗೆ ಬೆಲ್ಲ ಇಡತೀನಿ. ಆ ಪರಡಿಗೆ ಏನ ಇಡ್ಲಿ? ನೀವ ಹೇಳ್ರಿ."

ಕಣ್ಣಲ್ಲಿ ನೀರಿರಲಿಲ್ಲ, ಉರಿಯಿತ್ತು. ಅಜ್ಜನವರು ಹುರಿಯನ್ನು ಕೆಳಗಿಟ್ಟರು. ಆಮೇಲೆ ನಿಂಬೆವ್ವನ ಕಡೆಗೆ ತಿರುಗಿ, "ಕೂಸಿನ ಕೌದಿ ಐತೇನ ತಾಯಿ?" ಎಂದು ಕೇಳಿದರು.

ಇತ್ತು. ಅದನ್ನು ಅವಳು ಬಿಟ್ಟಿರುತ್ತಿರಲಿಲ್ಲ. ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿದ ಆ ಹೊದಿಕೆಯನ್ನು ಸೆರಗಿನಡಿಯಿಂದ ತೆಗೆದು ಹಾಸಿದಳು.

"ತಕ್ಕಡಿ ಇರಲಿ ತಮ್ಮಾ. ತಾಯಿ ಸೊಂಟಕ್ಕ ಕೂಸಿನ ತೂಕ ಗೊತ್ತೈತಿ. ನೀ ಬೆಲ್ಲ ಇಡು," ಎಂದರು ಅಜ್ಜನವರು ದುಂಡಪ್ಪನಿಗೆ.

ಪೇಟೆಯಲ್ಲಿ ಮೊದಲ ತೂಕವನ್ನು ಯಾರೂ 'ಒಂದು' ಎನ್ನುವುದಿಲ್ಲ, 'ಲಾಭ' ಎಂದು ಕೂಗಿ ಎರಡರಿಂದ ಎಣಿಸುತ್ತಾರೆ. ದುಂಡಪ್ಪ ಮೊದಲ ಪೆಂಟೆಯನ್ನು ಆ ಪುಟ್ಟ ಕೌದಿಯ ಮೇಲಿಟ್ಟನು. ಇಪ್ಪತ್ತು ವರ್ಷದ ರೂಢಿ; ನಾಲಗೆ ತಾನಾಗಿ "ಲಾ..." ಎಂದುಬಿಟ್ಟಿತು. ಥಟ್ಟನೆ ಬಾಯಿ ಮುಚ್ಚಿದನು. ತನ್ನ ಬಾಯಿಯ ಮೇಲೆ ಅವನಿಗೇ ಹೇಸಿಗೆಯಾಯಿತು.

"ಇವತ್ತ ಎಣಿಕಿ ಬ್ಯಾಡ," ಎಂದರು ಅಜ್ಜನವರು ಮೆಲ್ಲಗೆ.

ಗಂಟು ಕಟ್ಟಿದ ಕೌದಿಯನ್ನು ನಿಂಬೆವ್ವ ಸೊಂಟಕ್ಕೇರಿಸಿ ಕಣ್ಣು ಮುಚ್ಚಿದಳು. "ಇನ್ನಾ ಬೇಕ್ರಿ," ಎಂದಳು. ಇಟ್ಟನು. "ಇನ್ನಾ." ಇಟ್ಟನು. ಮತ್ತೊಮ್ಮೆ ಎತ್ತಿಕೊಂಡು ನಿಂತಾಗ ಅವಳ ಮುಖ ಅಲುಗಿತು.

"ಜ್ವರದಾಗ ಇಷ್ಟ ಇತ್ತು. ಆದರ ನಾ ಹರಕಿ ಹೊತ್ತದ್ದು ಮೈ ತುಂಬಿದ ಕೂಸಿನ ತೂಕಕ್ಕರಿ. ಇನ್ನೊಂದ ಸಣ್ಣದು ಹಾಕ್ರಿ."

ಅದನ್ನೂ ಹಾಕಿಸಿಕೊಂಡು, ಸೊಂಟವನ್ನು ಒಂದಿಷ್ಟು ವಾರೆ ಮಾಡಿ, ತನಗರಿವಿಲ್ಲದೆಯೇ ತೂಗತೊಡಗಿದಳು. "ಸಾಕ್ರಿ ಯಪ್ಪಾ. ಇಷ್ಟ ಇದ್ಲು ನನ್ನ ಕಾಶಿ."

ಸೋಮವಾರದ ಹರಕೆಗೆಂದು ನೆರೆದವರೆಲ್ಲ ತಲೆ ತಗ್ಗಿಸಿದರು. ಅಜ್ಜನವರು ದುಂಡಪ್ಪನನ್ನು ನೋಡಿದರು.

"ಈಗ ನೀ ಎತ್ತಿಕೋ."

ಅವನು ಎರಡು ಹೆಜ್ಜೆ ಹಿಂದೆ ಸರಿದನು. ಹಿರಿಯರ ಎದುರು ತನ್ನ ಕೂಸನ್ನು ತಾನೇ ಎತ್ತಿ ಆಡಿಸುವುದು ಅವರ ಮನೆತನದಲ್ಲಿ ಸಲ್ಲದ ನಡತೆ. ತಂದೆ, ದೊಡ್ಡಪ್ಪ, ಕಾಕಂದಿರು ತುಂಬಿದ ಮನೆ. ಕಾಶವ್ವ ತೋಳು ಚಾಚಿದಾಗಲೆಲ್ಲ ಅವನು ಪಡಸಾಲೆ ದಾಟಿ ಪೇಟೆಗೆ ನಡೆದುಬಿಡುತ್ತಿದ್ದನು. ಈಗ ನಿಂಬೆವ್ವ ಗಂಟನ್ನು ಅವನ ಕೈಗಿತ್ತಳು. ಅವನಿಗೆ ಹಿಡಿಯುವ ಬಗೆಯೂ ತಿಳಿಯಲಿಲ್ಲ. ಅವಳೇ ಅವನ ತೋಳನ್ನು ಮಡಿಸಿ ಸರಿಮಾಡಿದಳು.

"ಎಷ್ಟಾತು ತಮ್ಮಾ ತೂಕ?" ಎಂದು ಅಜ್ಜನವರು ಕೇಳಿದರು.

ಪೇಟೆಯ ಸರಕೆಲ್ಲ ಕೈಯಲ್ಲೇ ತೂಗಿದವನಿಗೆ ಸೇರೂ ತೋಚಲಿಲ್ಲ, ಚಟಾಕೂ ತೋಚಲಿಲ್ಲ. ಗಂಟನ್ನು ಎದೆಗವಚಿಕೊಂಡು ಹೆಂಡತಿಯತ್ತ ತಿರುಗಿದನು.

"ಇಷ್ಟ ವಜ್ಜ ಇದ್ಲೇನ ನಮ್ಮ ಕೂಸು? ನನಗ ಗೊತ್ತ ಇರಲಿಲ್ಲಲೇ..."

ಹದಿನಾರು ದಿನ ಬಾರದ ಅಳು ಆಗ ಬಂದಿತು. ಅಜ್ಜನವರು ಅವನ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೂ ನಿಂತೇ ಇದ್ದರು. ಆ ಬೆಲ್ಲದಿಂದ ಅಂದೇ ಗೋಧಿ ಹುಗ್ಗಿ ಮಾಡಿಸಿ ಮೊದಲ ತುತ್ತನ್ನು ನಿಂಬೆವ್ವನಿಗೆ ಕೊಡಿಸಿದರು. ಅವಳು ಉಂಡಳು.

ಅಂದಿನಿಂದ ದುಂಡಪ್ಪ ಪ್ರತಿ ಸೋಮವಾರ ಮಠದ ತಕ್ಕಡಿಯ ಸೇವೆಗೆ ನಿಂತನು. ಕೂಸನ್ನು ಪರಡಿಯಲ್ಲಿ ಕೂರಿಸುವ ಮುನ್ನ ಅದರ ತಂದೆಯನ್ನು ಮುಂದಕ್ಕೆ ಕರೆಯುವನು. ಹಿರಿಯರು ಎದುರಿಗಿದ್ದಾರೆಂದು ಆ ತಂದೆ ನಾಚಿ ಹಿಂಜರಿದರೂ ಬಿಡುತ್ತಿರಲಿಲ್ಲ.

"ಮೊದಲ ನೀ ಎತ್ತಿಕೋ ತಮ್ಮಾ," ಎನ್ನುವನು, "ತಕ್ಕಡಿ ಆಮ್ಯಾಲೆ."