ಹಿಮ ಗುಡಿಸಿದ ಕುರಿಗಾಹಿ

“ಗುರುಗಳೇ, ನನ್ನ ಜೊತೆಗೆ ಬಂದವರೆಲ್ಲ ಸಾಧನೆಯಲ್ಲಿ ಬೆಳೆದರು. ನಾನೂ ದಿನಾ ಮಲಗುವ ಮುನ್ನ ಎಷ್ಟು ಬೆಳೆದೆನೆಂದು ಅಳೆದು ನೋಡಿಕೊಳ್ಳುತ್ತೇನೆ. ಗೇಣಿರಲಿ, ಬೆರಳಿನಷ್ಟೂ ಏರಿಲ್ಲ. ಊರಿಗೆ ಹೊರಡಲೇ?” ಎಂದು ಶಿಷ್ಯ ಕೇಳಿದ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಇತ್ತು.

ಗುರುಗಳು ಗಂಟನ್ನು ನೋಡಿ ನಕ್ಕರು. “ಹೊರಡುವೆಯಂತೆ. ಮೊದಲು ಇದನ್ನು ಕೇಳು” ಎಂದು ಹೇಳತೊಡಗಿದರು.

ಹಿಮದ ಬೆಟ್ಟವೊಂದರಲ್ಲಿ ಒಬ್ಬ ಕುರಿಗಾಹಿಯಿದ್ದ. ಕಾಡು ಮುಗಿಯುವ ಗೆರೆಗಿಂತ ತುಸು ಮೇಲೆ ಅವನ ದೊಡ್ಡಿ. ಅಲ್ಲಿ ಬರೀ ಹುಲ್ಲು; ಮರವೇಳಲು ಚಳಿ ಬಿಡುತ್ತಿರಲಿಲ್ಲ. ಕೊರೆಯುವ ಗಾಳಿಗೆ ವರ್ಷವರ್ಷವೂ ಎಳೆಯ ಮರಿಗಳು ಸಾಯುತ್ತಿದ್ದವು. ಅವುಗಳಿಗೆ ಒಂದು ಮರದ ಮರೆಯಾದರೂ ಇರಲೆಂದು ಅವನು ಕಾಡಿನ ಅಂಚಿನಿಂದ ಸಸಿಯೊಂದನ್ನು ತಂದು ನೆಟ್ಟ.

ಹಿಮ ಬಿತ್ತು. ಕುರಿಗಳ ಬೆನ್ನಿನ ಹಿಮ ಕೊಡವುವುದು ಅವನ ರೂಢಿ. ಹಾಗೆಯೇ ಪೊರಕೆ ಹಿಡಿದು ಸಸಿಯ ಮೇಲಿನ ಹಿಮವನ್ನೂ ಗುಡಿಸಿದ. ವಸಂತಕ್ಕೆ ಸಸಿ ಒಣಗಿ ಕಡ್ಡಿಯಾಗಿತ್ತು. ಮತ್ತೊಂದನ್ನು ನೆಟ್ಟ, ಇನ್ನೂ ಹೆಚ್ಚು ಅಕ್ಕರೆಯಿಂದ ಗುಡಿಸಿದ, ಅದೂ ಸತ್ತಿತು.

ಮೂರನೆಯದರ ಮುಂದೆ ಪೊರಕೆಯೆತ್ತಿದಾಗ ಹೆಂಡತಿ ಬಂದು ನಿಂತಳು. “ಏನು ಮಾಡುತ್ತಿದ್ದೀರಿ?”

“ಸಸಿ ಬೇಗ ಏಳಲಿ ಎಂದು ಕಣೇ.”

“ಓಹೋ! ಹಾಗಾದರೆ ನಿಮ್ಮ ಕಂಬಳಿಯನ್ನೂ ಇತ್ತ ಕೊಡಿ. ನೀವೂ ತುಸು ಬೆಳೆಯಿರಿ!” ಎಂದು ಅವಳು ಕಂಬಳಿ ಕಿತ್ತುಕೊಂಡು ಓಡಿದಳು.

ಹಲ್ಲು ಕಟಕಟಿಸಿದಾಗ, ಕೊರೆಯುವ ಗಾಳಿಗೆ ಸಸಿಯ ಕಂಬಳಿ ಆ ಹಿಮವೇ ಎಂದು ಅವನಿಗೆ ತಿಳಿಯಿತು. ಮತ್ತೆ ಅವನು ಸಸಿಯ ಬಳಿಗೆ ಪೊರಕೆ ಒಯ್ಯಲಿಲ್ಲ.

ಹಿಮದೊಳಗೆ ಹುದುಗಿದ್ದ ಕೊಂಬೆಗಳು ಉಳಿದವು. ಹೊರಗೆ ತಲೆಯೆತ್ತಿದ ಚಿಗುರನ್ನು ಮಾತ್ರ ಗಾಳಿ ಸುಟ್ಟಿತು. ಮೇಲೇರಲಾಗದ ಗಿಡ ನೆಲಕ್ಕೊರಗಿ ಹರಡಿತು. ಮಣ್ಣು ತಾಗಿದೆಡೆಯಲ್ಲೆಲ್ಲ ಬೇರಿಳಿಸಿತು. ಕಂಡವರು ಅದನ್ನು ಮರವೆನ್ನಲಿಲ್ಲ, ಚಾಪೆ ಎಂದು ನಕ್ಕರು. ಬರಬರುತ್ತ ಆ ಚಾಪೆಯ ಮರೆಯಲ್ಲೇ ಮರಿಗಳು ಬದುಕಿಕೊಂಡವು.

ಮುಂದೆ ಚಳಿ ಸಡಿಲಿದ ವರ್ಷಗಳು ಒಂದರ ಹಿಂದೊಂದು ಬಂದವು. ಬೇಸಗೆ ನೀಳವಾಯಿತು. ಆಗ ಚಾಪೆಯ ನಟ್ಟನಡುವಿನಿಂದ, ತನ್ನದೇ ಕೊಂಬೆಗಳ ಕಾವಲಿನಲ್ಲಿ, ಒಂದು ಚಿಗುರು ನೆಟ್ಟಗೆ ಎದ್ದಿತು. ಗಾಳಿ ತಂದ ಬೀಜಗಳು ಅದರ ಮಗ್ಗುಲಲ್ಲಿ ಮೊಳೆತವು. ಕಾಡಿನ ಗೆರೆ ತಾನಾಗಿ ದೊಡ್ಡಿಯ ಬಾಗಿಲಿಗೆ ಬಂದಿತ್ತು. ಕುರಿಗಾಹಿ ಹೆಂಡತಿಯನ್ನು ಕೂಗಿ ಕರೆದು, ಮರಿಗಳ ನಡುವೆ ಮರಿಯಂತೆ ಕುಣಿದ.

ಕತೆ ಮುಗಿಸಿದ ಗುರುಗಳು ಎದ್ದು, ಬಾಗಿಲ ಬಳಿಯ ಗಂಟನ್ನು ಒಳಗಿಟ್ಟು, ಶಿಷ್ಯನ ಮುಂದೆ ಕೈಚಾಚಿದರು.

“ದಿನಾ ಮಲಗುವ ಮುನ್ನ ನೀನು ಹಿಡಿಯುವ ಆ ಪೊರಕೆಯನ್ನು ಇಲ್ಲಿ ಕೊಡು, ಮಗು.”