ಮಾಯಣ್ಣ ಸಾಫ್ಟ್‌ವೇರ್ ಅಮುಕಿ ನೋಡಿದ್ದು

ಬನ್ನಿ, ಹತ್ರ ಬನ್ನಿ, ಕೂತ್ಕೊಳ್ಳಿ. ಇದು ನಗೋ ಕತೆ. ಆದ್ರೆ ಸಾಕಮ್ಮ ಎದುರಿಗಿದ್ರೆ ಮಾತ್ರ ನಗಬೇಡಿ, ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

ಮುದ್ದಾಪುರ ಅಂತ ಒಂದು ಪೇಟೆ. ಅಲ್ಲಿ ಇಸ್ಕೂಲಲ್ಲಿ ಬಿಸಿಯೂಟ ಮಾಡೋ ಸಾಕಮ್ಮ. ಅವಳಿಗೆ ಒಬ್ಬನೇ ಮಗ, ಮಾಯಣ್ಣ. ಇಪ್ಪತ್ತಾರು ವರ್ಷ. ಎರಡು ಮೂಟೆ ಒಟ್ಟಿಗೆ ಎತ್ತೋ ಆಳು. ಸುಳ್ಳು ಹೇಳೋದು ಗೊತ್ತಿಲ್ಲ, ಮೈಗಳ್ಳತನ ಗೊತ್ತಿಲ್ಲ. ಒಂದೇ ಒಂದು ಕೊರತೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ!

"ಹಾಲು ಉಕ್ಕುತ್ತೆ, ನೋಡ್ತಾ ಇರ್ಲಾ" ಅಂತ ಹೇಳಿ ಸಾಕಮ್ಮ ನೀರಿಗೆ ಹೋದಳು. ಬಂದು ನೋಡಿದ್ರೆ ಒಲೆ ತುಂಬ ಹಾಲು!

"ಏನ್ಲಾ ಇದು?"

"ನೋಡ್ದೆ ಕಣವ್ವ! ಉಕ್ಕೋದನ್ನ ಪೂರ್ತಿ ನೋಡ್ದೆ!"

ಇಂಥ ಮಗನ್ನ ಕಟ್ಕೊಂಡು ಅವಳು ಆರು ಕಡೆ ಕೆಲಸಕ್ಕೆ ಸೇರಿಸಿದ್ಲು. ಆರೂ ಕಡೆಯಿಂದ ವಾಪಸ್ ಬಂದ. ಉಳಿದಿದ್ದು ಒಂದೇ ಬಾಗಿಲು, ಗುರುಬಸಪ್ಪ ಶಾಮಿಯಾನ ಅಂಗಡಿ. ಮದುವೆ ಮುಂಜಿಗೆ ಚಪ್ಪರ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡೋ ಅಂಗಡಿ. ಯಜಮಾನ ಗುರುಬಸಪ್ಪನೋರು ತೀರ್ಕೊಂಡು ಎರಡು ವರ್ಷ. ಅವರ ಹೆಂಡ್ತಿ ರುದ್ರಾಣಮ್ಮನೇ ಈಗ ಎಲ್ಲ ನೋಡ್ಕೋತಿದ್ರು.

"ಒಂದು ತಿಂಗಳು ನೋಡ್ತೀನಿ ಸಾಕಮ್ಮ. ಸರಿ ಹೋದ್ರೆ ಸರಿ, ಇಲ್ದಿದ್ರೆ ನನ್ನ ಕೇಳಬೇಡ" ಅಂದ್ರು.

ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಯಾಕೆ ಅಂದ್ರೆ ಪುಸ್ತಕದಲ್ಲಿ ಬರೆದ ತಾರೀಕೆಲ್ಲ ಕಲಸಿ ಹೋಗಿ, ಗೃಹಪ್ರವೇಶದ ಪಾತ್ರೆ ತಿಥಿ ಮನೆಗೆ, ತಿಥಿ ಮನೆ ಪಾತ್ರೆ ಗೃಹಪ್ರವೇಶಕ್ಕೆ ಹೋಗಿ ದೊಡ್ಡ ರಂಪ ಆಗಿತ್ತು. ಕಂಪ್ಯೂಟರೇನೋ ಬಂತು, ಅದರೊಳಗೆ ಕೆಲಸ ಮಾಡೋ ಸಾಫ್ಟ್‌ವೇರ್ ಬರಬೇಕಿತ್ತು.

"ಬಸ್ ಸ್ಟ್ಯಾಂಡ್ ಹತ್ರ ಅಫ್ರೋಜ್ ಸಾಬ್ರ ಅಂಗಡಿ ಇದೆ. ಅಂಗಡಿ ಬುಕಿಂಗೂ ಆಗಬೇಕು, ನಮ್ಮ ಮನೆ ಫೋಟೋ ಎಲ್ಲ ಜೋಡಿಸಿ ಇಡೋಕೂ ಆಗಬೇಕು. ಅಂಥದ್ದು ಒಂದು ಒಳ್ಳೇ ಸಾಫ್ಟ್‌ವೇರ್ ನೋಡಿ ತಗೊಂಡು ಬಾ" ಅಂದ್ರು ರುದ್ರಾಣಮ್ಮ.

ಮಾಯಣ್ಣನಿಗೆ ಅವ್ವನ ಮಾತು ನೆನಪಾಯ್ತು. ಹಿಂದಿನ ದಿನ ಹುಳುಕು ಬದನೆಕಾಯಿ ತಂದಿದ್ದಕ್ಕೆ ಅವಳು ಬೈದು ಹೇಳಿದ್ಲು, "ಏನೇ ತಗೊಂಡ್ರೂ ಮೂಸಿ ನೋಡು, ಅಮುಕಿ ನೋಡು, ಆಮೇಲೆ ತಗೋ!"

ಮೂಸಿ ನೋಡು, ಅಮುಕಿ ನೋಡು, ಮೂಸಿ ನೋಡು, ಅಮುಕಿ ನೋಡು ಅಂತ ಬಾಯಲ್ಲಿ ಅನ್ಕೊಂಡೇ ಹೋದ.

ಅಫ್ರೋಜ್ ಸಾಬ್ರು ಒಂದು ಪೆನ್ ಡ್ರೈವ್ ಕೊಟ್ರು. "ಇದರಲ್ಲಿದೆ ತಮ್ಮ. ಕನ್ನಡದಲ್ಲೇ ಕೇಳುತ್ತೆ, ಸುಲಭದ್ದು."

ಮಾಯಣ್ಣ ಮೂಸಿದ. ವಾಸನೆ ಇಲ್ಲ. ಅಮುಕಿದ. ಕಲ್ಲಿನ ಹಾಗಿದೆ.

"ಸಾಫ್ಟ್ ಅಂದ್ರಿ, ಗಟ್ಟಿ ಇದೆಯಲ್ಲ ಸಾಬ್ರೇ?"

"ಅಯ್ಯೋ, ಸಾಫ್ಟ್‌ವೇರ್ ಒಳಗಡೆ ಇರುತ್ತಪ್ಪ!"

"ಒಳಗಡೆನಾ?"

ಚಟ್! ಎರಡು ಹೋಳು.

ಎರಡು ಹೋಳನ್ನೂ ತಂದು ರುದ್ರಾಣಮ್ಮನ ಮುಂದೆ ಇಟ್ಟ. "ಮೋಸ ಅಮ್ಮಾವ್ರೆ! ಒಳಗೆ ಏನೇನೂ ಇಲ್ಲ! ಬರೀ ಸಿಪ್ಪೆ!"

ರುದ್ರಾಣಮ್ಮ ತಲೆ ಹಿಡ್ಕೊಂಡ್ರು. "ಲೋ, ಅದನ್ನ ಬಿಚ್ಚಿ ನೋಡೋದಲ್ವೋ, ಬಳಸಿ ನೋಡೋದು! ಹದಿನೈದು ದಿನ ಬಳಸಿ ನೋಡಿ, ಹಿಡಿಸಿದ್ರೆ ಇಟ್ಕೊಳ್ಳಿ, ಇಲ್ದಿದ್ರೆ ವಾಪಸ್ ಕೊಡಿ ಅಂತ ಸಾಬ್ರೇ ಫೋನಲ್ಲಿ ಹೇಳಿದ್ರು!"

ಸಂಜೆ ಸಾಕಮ್ಮ ಹಣೆ ಚಚ್ಚಿಕೊಂಡ್ಲು. "ಬಾಯಿಪಾಠ ಮಾಡ್ಲಾ! ಬಳಸಿ ನೋಡು, ಹಿಡಿಸಿದ್ರೆ ಇಟ್ಕೊ, ಇಲ್ದಿದ್ರೆ ವಾಪಸ್ ಕೊಡು!"

"ಆಯ್ತು ಕಣವ್ವ."

ಮಾರನೇ ದಿನ ಅವನ್ನ ಕಲ್ಯಾಣ ಮಂಟಪಕ್ಕೆ ಕಳಿಸಿದ್ರು. ಗಂಡು ಹೆಣ್ಣು ಕೂರೋಕೆ ಸಿಂಹಾಸನದಂಥ ಎರಡು ಕುರ್ಚಿ, ಕೆಂಪು ಮಕಮಲ್ಲು, ಬಂಗಾರದ ಬಣ್ಣ. ಅದನ್ನ ವೇದಿಕೆ ಮೇಲೆ ಇಟ್ಟು ಬರೋದು, ಅಷ್ಟೇ ಕೆಲಸ. ಮಾಯಣ್ಣ ಇಟ್ಟ. ಇಟ್ಟೋನು ಯೋಚನೆ ಮಾಡ್ದ. ಬಳಸಿ ನೋಡಬೇಕಲ್ಲ!

ಕೂತ.

ಅಷ್ಟೊತ್ತಿಗೆ ಹೆಣ್ಣನ್ನ ಕರ್ಕೊಂಡು ಬಂದು ಪಕ್ಕದ ಕುರ್ಚೀಲಿ ಕೂರಿಸಿದ್ರು. ಅವಳು ನಾಚ್ಕೊಂಡು ತಲೆ ಎತ್ತಲಿಲ್ಲ. ಫೋಟೋದವನು ಓಡಿ ಬಂದ. "ಸ್ವಲ್ಪ ಹತ್ರ ಬನ್ನಿ ಸಾರ್! ಸ್ಮೈಲ್!" ಚಕ್ ಚಕ್ ಚಕ್! ಹನ್ನೆರಡು ಫೋಟೋ ಆಯ್ತು. ಆಗ ನಿಜವಾದ ಗಂಡು ಪೇಟ ಸರಿಮಾಡ್ಕೊಂಡು ಬಂದು ನಿಂತ!

"ಯಾವನಯ್ಯ ನೀನು?" ಅಂತ ಹೆಣ್ಣಿನ ಸೋದರಮಾವ ಕೂಗಿದ.

"ಬಳಸಿ ನೋಡ್ತಾ ಇದೀನಿ" ಅಂದ ಮಾಯಣ್ಣ. "ಹದಿನೈದು ದಿನ ನೋಡ್ತೀನಿ. ಹಿಡಿಸಿದ್ರೆ ಇಟ್ಕೋತೀನಿ, ಇಲ್ದಿದ್ರೆ ವಾಪಸ್ ಕೊಡ್ತೀನಿ."

ಹೇಗೆ ತಪ್ಪಿಸ್ಕೊಂಡು ಬಂದ ಅನ್ನೋದು ಬೇಡ ಬಿಡಿ. ಅಂಗಿ ಒಂದು ತೋಳು ಅಲ್ಲೇ ಉಳೀತು.

"ಎದುರು ಮಾತಾಡಿದ್ಯಾ? ಸೋದರಮಾವನ ಎದುರಿಗೆ?" ಸಾಕಮ್ಮ ಅಳೋದೊಂದು ಬಾಕಿ. "ಇನ್ನು ಮೇಲೆ ಯಾರು ಏನು ಕೇಳಿದ್ರೂ 'ಆಗಲಿ' ಅನ್ನು. ಅಷ್ಟೇ! 'ಆಗಲಿ'!"

"ಆಗಲಿ ಕಣವ್ವ."

ಇತ್ತ ರುದ್ರಾಣಮ್ಮ ತಾವೇ ಹೋಗಿ ಎರಡು ಸಾಫ್ಟ್‌ವೇರ್ ನೋಡಿದ್ರು. ಒಂದರಲ್ಲಿ ಬರೀ ಇಂಗ್ಲಿಷು, ಒತ್ತೋಕೆ ನೂರೆಂಟು ಗುಂಡಿ. ವಾಪಸ್ ಕೊಟ್ರು. ಇನ್ನೊಂದು ಕನ್ನಡದ್ದು. ತಾರೀಕು ಹಾಕಿದ್ರೆ ಆವತ್ತಿನ ಮದುವೆ ಯಾರದ್ದು, ಕುರ್ಚಿ ಎಷ್ಟು, ಕೊಪ್ಪರಿಗೆ ಎಷ್ಟು ಎಲ್ಲ ಎದುರಿಗೆ ಬರುತ್ತೆ. ಅದನ್ನೇ ಇಟ್ಕೊಂಡ್ರು. ವಾರವಿಡೀ ಕೂತು ನಲವತ್ತೊಂದು ಮದುವೆ ಬರೆದ್ರು. ಹಳೇ ಪುಸ್ತಕಾನ ಕಡ್ಲೇಕಾಯಿ ಮಾರೋನಿಗೆ ಪೊಟ್ಟಣ ಕಟ್ಟೋಕೆ ಕೊಟ್ರು. ಯಜಮಾನರ ಹಳೇ ಫೋನಲ್ಲಿದ್ದ ಫೋಟೋ ಎಲ್ಲ ಕಂಪ್ಯೂಟರಿಗೆ ಹಾಕ್ಸಿದ್ರು. ಫೋಟೋ ಹಾಕ್ಸಿದ ದಿನವೇ ಫೋನು ಸತ್ತು ಹೋಯ್ತು.

"ಮಾಯಣ್ಣ, ಫೋಟೋ ಜೋಡಿಸೋಕೆ ಅದೇ ಒಂದೊಂದಾಗಿ ಕೇಳುತ್ತೆ. ಓದಿ ನೋಡಿ ಉತ್ತರ ಒತ್ತು" ಅಂತ ಹೇಳಿ ಅವರು ಊಟಕ್ಕೆ ಹೋದ್ರು.

ಏಳನೇ ಕ್ಲಾಸು ಓದಿದ ಮಾಯಣ್ಣ ಬೆರಳಿಟ್ಟು ಓದಿದ. ಪರದೆ ಮೇಲೆ ಎರಡು ಮುಖ. 'ಇವರೂ ಇವರೂ ಒಬ್ಬರೇನಾ?'

ಒಂದು ಗುರುಬಸಪ್ಪನೋರು. ಇನ್ನೊಂದು ಅವರ ಅತ್ತೆ.

"ಆಗಲಿ!" ಒತ್ತಿದ.

'ಇವರೂ ಇವರೂ ಒಬ್ಬರೇನಾ?' ಈ ಸಲ ಗುರುಬಸಪ್ಪನೋರೂ ಅಡುಗೆ ಭಟ್ಟರೂ.

"ಆಗಲಿ!"

ರುದ್ರಾಣಮ್ಮನಿಗೆ ಅವಳಿ ಮೊಮ್ಮಕ್ಕಳು, ಸಿಂಚನ, ಸ್ಪಂದನ. ಒಂದೇ ಮುಖ, ಒಂದೇ ಜುಟ್ಟು, ಒಂದೇ ಫ್ರಾಕು.

'ಒಂದೇ ಥರದ್ದು ಎರಡಿದೆ. ಒಂದನ್ನ ಅಳಿಸಲೇ?'

"ಆಗಲಿ! ಆಗಲಿ! ಆಗಲಿ!"

ಊಟ ಮುಗಿಸಿ ಬಂದ ರುದ್ರಾಣಮ್ಮ ಚೀರಿದ್ರು. "ನನ್ನ ಸ್ಪಂದನ ಎಲ್ಲೋ? ಒಂದರಲ್ಲೂ ಇಲ್ವಲ್ಲೋ! ನಮ್ಮ ಯಜಮಾನರು ಯಾವಾಗ ಸೀರೆ ಉಟ್ಟಿದ್ರೋ?"

ಅಫ್ರೋಜ್ ಸಾಬ್ರು ಓಡಿ ಬಂದ್ರು. ಕೀಲಿಮಣೆ ಮುಟ್ಟಿ ನಕ್ಕರು. "ಹೆದರಬೇಡಿ ಅಮ್ಮ. ಮಗು ಕಸದ ಬುಟ್ಟೀಲಿದೆ."

ಮಾಯಣ್ಣ ಅಷ್ಟು ಕೇಳಿದ್ದೇ ಬೀದಿಗೆ ಓಡಿ ಮುನಿಸಿಪಾಲಿಟಿ ಕಸದ ಡಬ್ಬಿಗೆ ತಲೆ ಹಾಕಿದ. ಅವನು ಮೈ ತುಂಬ ಬಾಳೆಎಲೆ ಅಂಟಿಸ್ಕೊಂಡು ಬರೋಷ್ಟರಲ್ಲಿ ಸಾಬ್ರು ಕಂಪ್ಯೂಟರಿನ ಕಸದ ಬುಟ್ಟಿಯಿಂದ ಸ್ಪಂದನನ್ನ ಎತ್ತಿ ವಾಪಸ್ ಕೂರಿಸಿದ್ರು. ರುದ್ರಾಣಮ್ಮನಿಗೆ ಹೋದ ಜೀವ ಬಂತು. ಜೀವ ಬಂದ ಮೇಲೆ ಕೋಪಾನೂ ಬಂತು.

"ಮುಖ್ಯವಾದ್ದು ಒಂದೇ ಕಡೆ ಇರಬಾರದು ಕಣೋ! ಮೂರು ಪ್ರತಿ ತೆಗೀಬೇಕು! ಒಂದು ಅಂಗಡೀಲಿ, ಒಂದು ಮನೇಲಿ, ಒಂದು ಊರಾಚೆ!"

ಊರಾಚೆ ಅಂದ್ರೆ ಬೇರೆ ಊರಲ್ಲಿರೋ ಮಗಳ ಮನೆ ಅಂತ ಅವರ ಮನಸ್ಸಲ್ಲಿತ್ತು. ಬಾಯಲ್ಲಿ ಬರಲಿಲ್ಲ.

ಸಾಬ್ರು ಪ್ರತಿ ತೆಗೆಯೋದನ್ನ ಮಾಯಣ್ಣನಿಗೆ ಹೇಳಿಕೊಟ್ರು. ಇದನ್ನ ಒತ್ತು, ಅದನ್ನ ಒತ್ತು, ಮುಗೀತು ಅನ್ನೋ ತನಕ ಕೈ ಕಟ್ಕೊಂಡಿರು. ಮಾಯಣ್ಣ ಇದನ್ನ ಒತ್ತಿದ, ಅದನ್ನ ಒತ್ತಿದ, ಕೈ ಕಟ್ಕೊಂಡ. ನೋಡಿ, ಕಂಪ್ಯೂಟರಿಗೆ ಅಂಥವನೇ ಬೇಕು! ಒಂದೂ ತಪ್ಪಿಲ್ಲ! ನಲವತ್ತೊಂದು ಮದುವೆ, ಮೂರು ಸಾವಿರ ಫೋಟೋ, ಎಲ್ಲ ಮೂರು ಪೆನ್ ಡ್ರೈವಿಗೆ ಸೇರಿತು. ಒಂದನ್ನ ಅಂಗಡೀಲಿ ಕಂಪ್ಯೂಟರಿಗೇ ಸಿಕ್ಕಿಸಿ ಬಿಟ್ಟ. ಒಂದನ್ನ ತನ್ನ ಮನೇಲಿ ಗೂಟಕ್ಕೆ ನೇತುಹಾಕಿದ್ದ ಅಂಗಿ ಜೇಬಲ್ಲಿಟ್ಟ. ಒಂದನ್ನ ಎಣ್ಣೆ ಕವರಲ್ಲಿ ಸುತ್ತಿ ಊರಾಚೆ ಎಲ್ಲೋ ಇಟ್ಟು ಬಂದ.

ಎರಡು ದಿನ ಕಳೀತು. ಗುರುವಾರ ಬೆಳಗ್ಗೆ ಅಂಗಡೀಲಿ ಕರೆಂಟಿಲ್ಲ. ಆಳು ಒಬ್ಬ ಬಾಡಿಗೆ ಜನರೇಟರಿನ ವಯರ್ ತಂದು ಜೋಡಿಸಿದ. ಡಬ್! ಕಂಪ್ಯೂಟರಿಂದ ಹೊಗೆ. ಅದಕ್ಕೆ ಸಿಕ್ಕಿಸಿದ್ದ ಪೆನ್ ಡ್ರೈವೂ ಕರಟಿ ಕರ್ರಗಾಯ್ತು.

ರುದ್ರಾಣಮ್ಮ ಕಂಪ್ಯೂಟರ್ ಮುಂದೆ ಕೂತು ಅತ್ರು. ಭಾನುವಾರ ಮದುವೆ. ಯಾರದ್ದು? ಎಲ್ಲಿ? ಎಷ್ಟು ಕುರ್ಚಿ? ಪುಸ್ತಕ ಕಡ್ಲೇಕಾಯಿ ಜೊತೆ ಊರೆಲ್ಲ ಹಂಚಿ ಹೋಗಿದೆ. ಅದು ಹಾಗಿರಲಿ, ಯಜಮಾನರ ಫೋಟೋ? ಚಪ್ಪರದ ಗಳ ಹೆಗಲ ಮೇಲಿಟ್ಕೊಂಡು ಮೀಸೆ ಅಡಿ ನಗ್ತಾ ನಿಂತಿದ್ದ ಆ ಒಂದು ಫೋಟೋ?

"ಮಾಯಣ್ಣ, ಮನೇಲಿಟ್ಟೆ ಅಂದ್ಯಲ್ಲೋ?"

ಮಾಯಣ್ಣ ಮನೆಗೆ ಓಡಿದ. ಹಿತ್ತಲಲ್ಲಿ ಸಾಕಮ್ಮ ಒಗೆಯೋ ಕಲ್ಲಿನ ಮುಂದೆ ಕೂತಿದ್ಲು.

"ಅವ್ವ, ನನ್ನ ಅಂಗಿ?"

"ನೆನೆಹಾಕಿ, ಕಲ್ಲಿಗೆ ಬಡಿದು, ಹಿಂಡಿ ಹಾಕ್ದೆ ಕಣ್ಲಾ. ಜೇಬಲ್ಲಿ ಏನೋ ಪುಡಿಪುಡಿ ಆಯ್ತು, ಏನದು?"

ಹೇಳಿದ. ಸಾಕಮ್ಮನ ಕೈಯಲ್ಲಿದ್ದ ಸೋಪು ಜಾರಿ ಬಿತ್ತು. ಏಳನೇ ಕೆಲಸಾನೂ ಹೋಯ್ತು, ಅದೂ ತನ್ನ ಕೈಯಿಂದಲೇ! ಒದ್ದೆ ಸೆರಗು ಬಿಗಿದುಕೊಂಡು ಮಗನ ಜೊತೆ ಅಂಗಡಿಗೆ ಓಡಿದ್ಲು. ರುದ್ರಾಣಮ್ಮನ ಕಾಲ ಹತ್ರ ಕೂತು, "ಅಮ್ಮಾವ್ರೆ, ತಪ್ಪು ನಂದು, ಇವನದ್ದಲ್ಲ" ಅಂದ್ಲು.

ರುದ್ರಾಣಮ್ಮ ಅಳ್ತಾನೇ ಮಾಯಣ್ಣನ ಕಡೆ ತಿರುಗಿದ್ರು. "ಮೂರನೇದು?"

"ಊರಾಚೆ ಇದೆ ಅಮ್ಮಾವ್ರೆ. ನೀವೇ ಹೇಳಿದ್ರಲ್ಲ."

"ಊರಾಚೆ ಎಲ್ಲೋ?"

"ಊರು ಮುಗಿದ ತಕ್ಷಣ! ಬೋರ್ಡ್ ಪಕ್ಕದ ಬೇವಿನ ಮರದ ಪೊಟರೇಲಿ!"

ಆಟೋ ಹತ್ತಿ ಮೂರೂ ಜನ ಹೋದ್ರು. ಮಾಯಣ್ಣ ಮರ ಹತ್ತಿ ಪೊಟರೆಗೆ ಕೈ ಹಾಕಿದ. ಒಳಗಿಂದ ಗಿಣಿ ಒಂದು ಬೆರಳು ಕಚ್ಚಿತು. "ಆಗಲಿ" ಅಂದ. ಇನ್ನೂ ಒಳಗೆ ಕೈ ಹಾಕಿದ. ಬಂತು! ಎಣ್ಣೆ ಕವರು, ಕವರಲ್ಲಿ ಪೆನ್ ಡ್ರೈವು, ಒಂದು ಹನಿ ನೀರು ಸೋಕಿಲ್ಲ!

ಅಲ್ಲಿಂದ ನೇರ ಅಫ್ರೋಜ್ ಸಾಬ್ರ ಅಂಗಡಿಗೆ. ಸಿಕ್ಕಿಸಿದ್ರು. ಒಂದೊಂದೇ ಮದುವೆ ಬಂತು, ನಲವತ್ತೊಂದೂ ಬಂತು. ಭಾನುವಾರದ್ದು ಎಣ್ಣೆಗಾಣದ ವೀರಭದ್ರಯ್ಯನ ಮಗಳದ್ದು, ಮುನ್ನೂರು ಕುರ್ಚಿ. ಆಮೇಲೆ ಫೋಟೋ ಬಂತು. ಗಳ, ಹೆಗಲು, ಮೀಸೆ, ನಗು.

ರುದ್ರಾಣಮ್ಮ ಪರದೆ ಮೇಲೆ ಅಂಗೈ ಇಟ್ರು. ಆಮೇಲೆ ಕಣ್ಣೊರೆಸಿಕೊಂಡು, "ಸಾಕಮ್ಮ, ನಿನ್ನ ಮಗ ಇನ್ನು ನಮ್ಮ ಅಂಗಡಿಯವನು. ತಿಂಗಳು ಗಿಂಗಳು ಇಲ್ಲ, ಖಾಯಂ" ಅಂದ್ರು.

ಸಾಕಮ್ಮ ಆವತ್ತು ಎಷ್ಟೋ ವರ್ಷದ ಮೇಲೆ ಎದೆ ತುಂಬ ಉಸಿರಾಡಿದ್ಲು.

ಆದ್ರೆ ಬೈಗುಳ ಬಾಕಿ ಇತ್ತಲ್ಲ! ಮನೆಗೆ ಹೊರಟೋನನ್ನ ರುದ್ರಾಣಮ್ಮ ನಿಲ್ಲಿಸಿದ್ರು. "ಅಲ್ವೋ, ಅಂಥ ಯಜಮಾನರನ್ನ ಗಿಣಿ ಪೊಟರೇಲಿ ಬಚ್ಚಿಡ್ತಾರೇನೋ? ಆ ಫೋಟೋನ ದೊಡ್ಡದು ಮಾಡ್ಸಿ ಹಾಕು! ಬಂದೋರು ತಲೆ ಎತ್ತಿದ್ರೆ ಯಜಮಾನರೇ ಕಾಣಬೇಕು!"

"ಆಗಲಿ ಅಮ್ಮಾವ್ರೆ!"

ಅಂಗಡಿ ಗೋಡೆಗೆ ಅಂತ ಅವರು ಹೇಳಿದ್ದು. ಮಾಯಣ್ಣನಿಗೆ ಗೋಡೆ ಅನ್ನೋ ಮಾತು ಕೇಳಿಸಿರಲಿಲ್ಲ, ಅವರು ಹೇಳಿರಲೂ ಇಲ್ಲ. ಅವನು ಫ್ಲೆಕ್ಸ್ ಅಂಗಡಿಗೆ ಹೋದ.

ಭಾನುವಾರ. ವೀರಭದ್ರಯ್ಯನ ಮನೆ ಮುಂದೆ ಚಪ್ಪರ. ಮುನ್ನೂರು ಕುರ್ಚೀನೂ ಲೆಕ್ಕಕ್ಕೆ ಸರಿ, ಕೊಪ್ಪರಿಗೇನೂ ಸರಿ. ಮಾಂಗಲ್ಯಧಾರಣೆ ಆಯ್ತು. ಜನ ಅಕ್ಷತೆ ಹಾಕಿದ್ರು. ರುದ್ರಾಣಮ್ಮ ಮುಂದಿನ ಸಾಲಲ್ಲಿ, ಪಕ್ಕದಲ್ಲಿ ಹೊಸ ಸೀರೆ ಉಟ್ಟ ಸಾಕಮ್ಮ, ಇಬ್ರೂ ನಿರಾಳವಾಗಿ ಕೂತಿದ್ರು.

ಪುರೋಹಿತರು ಗಂಡು ಹೆಣ್ಣನ್ನ ಎಬ್ಬಿಸಿ ನಿಲ್ಲಿಸಿದ್ರು. ತಾವು ಮಂತ್ರದ ಪುಸ್ತಕ ನೋಡ್ತಾನೇ ಬೆರಳು ಮೇಲಕ್ಕೆ ತೋರಿಸಿದ್ರು.

"ತಲೆ ಎತ್ತಿ ನೋಡಮ್ಮ. ಅರುಂಧತಿ ನಕ್ಷತ್ರ ಕಾಣಿಸ್ತಾ?"

ಹೆಣ್ಣು ತಲೆ ಎತ್ತಿದ್ಲು. ಬಾಸಿಂಗ ಸರಿಸಿ ಇನ್ನೊಂದು ಸಲ ನೋಡಿದ್ಲು.

"ಇಲ್ಲ ಸ್ವಾಮಿ."

"ಸರಿಯಾಗಿ ನೋಡಮ್ಮ, ಏನು ಕಾಣಿಸುತ್ತೆ?"

"ಮೀಸೆ ಕಾಣಿಸುತ್ತೆ."

ಮುನ್ನೂರು ತಲೆ ಒಟ್ಟಿಗೆ ಮೇಲೆದ್ದವು. ಚಪ್ಪರದ ಈ ತುದಿಯಿಂದ ಆ ತುದಿ ತನಕ, ಮೂವತ್ತಡಿ ಉದ್ದ, ಎಲ್ಲರ ನೆತ್ತಿ ಮೇಲೆ ಗುರುಬಸಪ್ಪನೋರು ನಗ್ತಾ ಮಲಗಿದ್ರು! ರುದ್ರಾಣಮ್ಮ ಬಾಯಿಗೆ ಸೆರಗು ಒತ್ತಿಕೊಂಡ್ರು. ಅಳು ಅಂದ್ಕೊಂಡ್ಲು ಸಾಕಮ್ಮ. ನೋಡಿದ್ರೆ ನಗು! ತಡೆಯೋಕಾಗದ ನಗು!

ಪುರೋಹಿತರು ಒಂದು ಸಲ ಮೇಲೆ ನೋಡಿದ್ರು, ಒಂದು ಸಲ ಗಡಿಯಾರ ನೋಡಿದ್ರು.

"ಆಗಲಿ ಬಿಡಮ್ಮ" ಅಂದ್ರು. "ಊಟಕ್ಕೆ ಹೊತ್ತಾಯ್ತು, ಆ ಮೀಸೆಗೇ ಒಂದು ನಮಸ್ಕಾರ ಹಾಕು!"